ಈಕ್ವಲ್ ಗುಂಡಿಯಿಲ್ಲದ ಕ್ಯಾಲ್ಕುಲೇಟರ್

ಸಾಮ್ರಾಜ್ಯಗಳು ಮುಳುಗಿದ್ದನ್ನು ಚರಿತ್ರೆ ಬರೆದಿಟ್ಟಿದೆ. ೧೯೭೪ರ ಶರತ್ಕಾಲದಲ್ಲಿ, ನಾರ್ಥಂಬರ್‌ಲೆಂಡಿನ ಗಣಿ ಕೇರಿಯೊಂದರಲ್ಲಿ, ವಿಲ್ಫ್ ಆರ್ಕ್ಲೆಸ್‌ನ ಲೀಕ್ ಗಡ್ಡೆ ಅರ್ಧ ಘನ ಅಂಗುಲದಿಂದ ಸೋತದ್ದನ್ನು ಮಾತ್ರ ಅದು ಮರೆತಿದೆ.

ಲೀಕ್ ಎಂದರೆ ಈರುಳ್ಳಿಯ ದಾಯಾದಿ. ಅದನ್ನು ತೊಡೆಯ ಗಾತ್ರಕ್ಕೆ ಬೆಳೆಸಿ, ಕ್ಲಬ್ಬಿನ ಪ್ರದರ್ಶನದಲ್ಲಿ ಗೆದ್ದ ಬಹುಮಾನಗಳಿಂದ ಮನೆ ತುಂಬಿಸುವುದು ಅಲ್ಲಿಯ ವಾಡಿಕೆ. ಈ ಸಲ ಎರಡನೆಯ ಬಹುಮಾನ ಸೋಫಾ. ಗಂಡ ವಿಲ್ಫ್‌ನ ಗಡ್ಡೆಯ ಮೇಲೆ ಭರವಸೆಯಿಟ್ಟ ಎಡ್ನಾ ಹಳೆಯ ಸೋಫಾವನ್ನು ಬೆಳಿಗ್ಗೆಯೇ ಗುಜರಿಯವನಿಗೆ ಕೊಟ್ಟುಬಿಟ್ಟಿದ್ದಳು. ಮೊದಲನೆಯದು ವೇದಿಕೆಯ ಮೇಲೆ ಬಟ್ಟೆ ಹೊದ್ದು ಕೂತಿತ್ತು. ಆ ಗಾತ್ರಕ್ಕೆ ಟಿ.ವಿ.ಯೇ ಇರಬೇಕೆಂದು ಊರು ತೀರ್ಮಾನಿಸಿತ್ತು.

ಕ್ಲಬ್ಬಿನ ಅಧ್ಯಕ್ಷ ಮ್ಯಾಟಿ ಡಾಡ್ಸ್ ಗಡ್ಡೆಗಳ ಉದ್ದ, ಸುತ್ತಳತೆ ಹಿಡಿದು, ಅದಕ್ಕೆಷ್ಟು ಘನ ಅಂಗುಲವೆಂದು ತನ್ನ ತಾತನ ಕಾಲದ ಕೋಷ್ಟಕದಲ್ಲಿ ನೋಡಿ, ಮೊದಲನೆಯದನ್ನು ಇನ್ನೊಬ್ಬ ಬೆಳೆಗಾರ ಹೆಪ್ಪಲ್‌ಗೂ ಎರಡನೆಯದನ್ನು ವಿಲ್ಫ್‌ಗೂ ಘೋಷಿಸಿದ.

"ಅನ್ಯಾಯ!" ವಿಲ್ಫ್ ಕುಕ್ಕರಿನಂತೆ ಸಿಳ್ಳೆ ಹೊಡೆದ. "ನಿಮ್ಮ ಕೋಷ್ಟಕ ಕಾಲಂಗುಲ, ಅರೆಯಂಗುಲ ಎಲ್ಲಾ ನುಂಗಿಹಾಕುತ್ತೆ!"

"ಸೋಫಾ ಬಂತಲ್ಲ, ಬಾಯಿ ಮುಚ್ಕೊಂಡು ಹೊತ್ಕೊಂಡು ನಡಿ," ಎಂದಳು ಎಡ್ನಾ.

"ಪ್ರಶ್ನೆ ಸೋಫಾದ್ದಲ್ಲ ಕಣೇ, ನ್ಯಾಯದ್ದು!"

ಬಿಡಿಭಾಗಗಳನ್ನು ಅಂಚೆಯಲ್ಲಿ ತರಿಸಿ, ತಾನೇ ಬೆಸುಗೆ ಹಾಕಿ ಜೋಡಿಸಿದ್ದ ಕ್ಯಾಲ್ಕುಲೇಟರನ್ನು ಅವನು ಜೇಬಿನಿಂದ ತೆಗೆದ. ಕ್ಲಬ್ಬಿಗೆ ಕ್ಲಬ್ಬೇ ಅದರ ಮೇಲೆ ಬಗ್ಗಿತು.

"ಈಕ್ವಲ್ ಗುಂಡಿ ಎಲ್ಲಯ್ಯಾ?"

"ಇದಕ್ಕೆ ಬೇಡ. ಮೊದಲು ಎರಡೂ ಅಂಕಿ ಹಾಕಬೇಕು, ಗುಣಿಸೋ ಗುರುತು ಆಮೇಲೆ."

"ಹಿಡಿಯಿಲ್ಲದ ಸಲಿಕೆ ಮಾರಿದಾರೆ ನಿಂಗೆ!"

ಅಷ್ಟರಲ್ಲಿ ಕೆಂಪು ಅಂಕಿಗಳು ಆರಿಹೋದವು. "ಸತ್ತೋಯ್ತು!" ಎಂದು ಯಾರೋ ಒಬ್ಬ ಟೋಪಿಯನ್ನೂ ತೆಗೆದ.

"ಸತ್ತಿಲ್ರೀ! ಬ್ಯಾಟರಿ ಉಳಿಸೋಕೆ ಕಣ್ಣು ಮುಚ್ಚಿದೆ."

"ಪಾದ್ರಿ ಮಾತಾಡುವಾಗ ನಮ್ಮ ಹೆಪ್ಪಲ್ಲೂ ಹಿಂಗೇ," ಎಂದ ಮ್ಯಾಟಿ.

ಹಾಗೂ ಹೀಗೂ ಎಲ್ಲರ ಗಡ್ಡೆಗಳನ್ನೂ ಮತ್ತೆ ಅಳೆದು ಲೆಕ್ಕ ಹಾಕಿದರು. ಕೋಷ್ಟಕ ನುಂಗಿದ್ದ ಚೂರುಗಳು ಹೊರಬಿದ್ದವು. ವಿಲ್ಫ್ ಮೊದಲಿಗ, ಹೆಪ್ಪಲ್ ಎರಡನೆಯವ. ಹೆಪ್ಪಲ್ ಗೊಣಗುತ್ತಲೇ ಹೋಗಿ ಸೋಫಾದ ಮೇಲೆ ಕೂತ.

ಮ್ಯಾಟಿ ಗಂಭೀರವಾಗಿ ಬಟ್ಟೆ ಎಳೆದ. ಒಳಗೆ ಬಿಯರ್ ಕ್ರೇಟು. ಅದರ ಮೇಲೊಂದು ಪುಟ್ಟ ಡಬ್ಬಿ.

"ಕ್ರೇಟು ನಮ್ಮದು. ಎತ್ತರವಾಗಿ ಕಾಣಲಿ ಅಂತ ಇಟ್ಟಿದ್ವಿ," ಎನ್ನುತ್ತ ಡಬ್ಬಿಯನ್ನು ವಿಲ್ಫ್‌ನ ಅಂಗೈಗಿಟ್ಟ. "ಹೊಸಾ ಕ್ಯಾಲ್ಕುಲೇಟರು ಕಣಪ್ಪ. ಇದಕ್ಕೆ ಈಕ್ವಲ್ ಗುಂಡಿನೂ ಇದೆ."

ಎಡ್ನಾ ಹೆಪ್ಪಲ್ ಕೂತಿದ್ದ ಸೋಫಾವನ್ನು ಒಮ್ಮೆ ನೋಡಿ, ಆಮೇಲೆ ಗಂಡನತ್ತ ತಿರುಗಿದಳು. ವಿಲ್ಫ್ ಹೆದರಿದ್ದು ಅದಕ್ಕೇ.

ಆ ಚಳಿಗಾಲವಿಡೀ ಆರ್ಕ್ಲೆಸ್ ದಂಪತಿ ಅಡುಗೆಮನೆಯ ಮರದ ಸ್ಟೂಲುಗಳ ಮೇಲೆ ಕೂತರು.