ಗುಡ್ಡಾ ಎತ್ತಾಂವನ ಸೊಂಟ

ನಮ್ಮ ಮೂಡಲಗಿ ಓಣ್ಯಾಗ ನಗೂವಂಥಾದ್ದನ್ನ ಹುಡಕಾಕ ಹೋಗಬೇಕಂತಿಲ್ಲ. ಕಟ್ಟಿ ಮ್ಯಾಲ ಕುಂತ್ರ ಸಾಕು, ಅದ ನಡಕೊಂತ ಬಂದು ಬಾಜೂಕ ಕುಂಡರ್ತೈತಿ. ನಾ ಮೂರನೇತ್ತಾಕ ಸಾಲಿ ಬಿಟ್ಟಾಕಿ, ಆದ್ರ ನನ್ನ ಕಣ್ಣು ಕಿವಿ ಇನ್ನೂ ದಿನಾ ಹಾಜರಿ ಹಾಕ್ತಾವ. ಮಂದಿ ನನಗ ಚಾಡಿಕೋರಿ ಅಂತಾರ. ಅನ್ಲಿ. ಸುದ್ದಿ ಬೇಕಾದಾಗ ನನ್ನ ಕಟ್ಟಿಗೇ ಬರ್ತಾರಲ್ಲ!

ಈ ಸಲದ ಸುದ್ದಿ ಒಬ್ಬ ಚಿತ್ರದ ಪುಸ್ತಕದಾಂವಂದು. ಹಸರ ಅಂಗಿ ಹಾಕ್ಕೊಂಡು ಹಾರಾಡಾಂವ. ಅಂವಗ ಖರೇನ ಎಷ್ಟ ತಾಕತ್ತು ಐತಿ ಅನ್ನೂದರ ಮ್ಯಾಲ ಒಂದು ಲಗ್ನ ನಿಂತಿತ್ತು. ಆ ಲಗ್ನದ ಮ್ಯಾಲ ನನ್ನ ಮರ್ಯಾದಿ ನಿಂತಿತ್ತು.

ಚೀಲದಾಗಿಂದ ಬಿದ್ದಾಂವ

ನಮ್ಮ ಬಾಜೂ ಮನಿಯಾಂವ ಪೈಲವಾನ. ಹರೇದಾಗ ಕುಸ್ತಿ ಹಿಡದಾಂವ. ಈಗ ಕುಸ್ತಿ ಹೋಗಿ ಹೊಟ್ಟಿ ಉಳದೈತಿ, ಮೀಸಿ ಮಾತ್ರ ಇನ್ನೂ ಅಖಾಡದಾಗ ಐತಿ. ಅವನ ಮಗಳಿಗಿ ಬೆಲ್ಲದ ಬಾಗೇವಾಡಿ ವರಾ ಹುಡುಕಿದಾಕಿ ನಾನ. ಕಬ್ಬಿನ ಟ್ರ್ಯಾಕ್ಟರ್ ಹೊಡಿಯೂ ಹುಡುಗ, ಚಟಾ ಗಿಟಾ ಇಲ್ಲ. ಹುಡುಗಿಗೂ ಮನಸಿಗಿ ಬಂದಿದ್ದ. ಅಂವ ಹುಡುಗಿ ನೋಡಾಕ ಬಂದ ದಿನ, ಚಾ ಕೊಡಾಕ ಬಂದಾಕಿ ನನ್ನ ಕಿವ್ಯಾಗ, "ಆಯಿ, ಆದ್ರ ಇವನ್ನ ಆಗ್ತೇನಿ. ಇಲ್ಲಂದ್ರ ಜಲಮ ಪೂರ್ತಿ ನಿನ್ನ ಗತೆ ಕಟ್ಟಿ ಮ್ಯಾಲ ಕುಂತು ಮಂದೀನ ಆಡಿಕೊಂತೇನಿ" ಅಂದ್ಳು. ಒಂದ ಓಣ್ಯಾಗ ನಾವಿಬ್ಬರಾದ್ರ ನನ್ನ ಕಿಮ್ಮತ್ತು ಏನ ಉಳೀತು? ಈ ಲಗ್ನ ಮಾಡೇ ಬಿಡಬೇಕಂತ ಅಲ್ಲೇ ಸೆರಗ ಸಿಗಿಸಿದ್ನಿ.

ಹುಡುಗ ಮಾವನ ಕಾಲ ಬೀಳಾಕ ಬಗ್ಗಿದ. ಹೆಗಲ ಚೀಲದಾಗಿಂದ ಪುಸ್ತಕಾ ಪಟ್ಟನ ಬಿತ್ತು. ಗೋಕಾಕ ಸ್ಟ್ಯಾಂಡಿನ್ಯಾಗ ಬಸ್ಸಿಗಿ ಕಾಯೂವಾಗ ತಗೊಂಡಿದ್ದನಂತ. ಪೈಲವಾನ ಎತ್ತಿ ನೋಡಿದ.

"ಯಾರ್ದಿದು? ಸಣ್ಣ ಹುಡುಗರದಾ?"

"ನಂದ ರೀ ಮಾವಾರ. ಈ ಹಸರ ಅಂಗಿಯಾಂವ ಭಾಳ ತಾಕತ್ತಿನಾಂವ್ರಿ. ಒಂದ ಕೈಲೆ ಗುಡ್ಡಾ ಎತ್ತತಾನ್ರಿ."

"ಬೆನ್ನಿಗಿ ದುಪಟಿ ಯಾಕ ಕಟ್ಕೊಂಡಾನ?"

"ಹಾರಾಕ್ರಿ."

"ಹಾರಾಕ! ಆ ದುಪಟಿ ಹಿಡದು ನಾ ಒಂದ ಸಲ ಜಗ್ಗಿದ್ನಿ ಅಂದ್ರ ಹಾರೂದು ಹಂಗಿರ್ಲಿ, ಉಸರಾಡೂದು ಮರೀತಾನ."

ಇಲ್ಲಿ ಹುಡುಗ ನಕ್ಕು ಚಾ ಕುಡದಿದ್ರ ಮುಗೀತಿತ್ತು. ಆದ್ರ ಆ ಶಾಣ್ಯಾ, "ನಿಮ್ಮ ಕೈಗಿ ಅಂವ ಸಿಗೂದಿಲ್ಲ ಬಿಡ್ರಿ" ಅಂದ.

ಪೈಲವಾನ ಚಾದ ಬಸಿ ಕೆಳಗ ಇಟ್ಟ. "ಪುಸ್ತಕದಾಗಿನ ತಾಕತ್ತು ನೋಡಿ ನಾ ಮಗಳ್ನ ಕೊಡೂದಿಲ್ಲ. ಬರೂ ಸೋಮವಾರ ಗುಡಿ ಮುಂದಿನ ಗುಂಡಕಲ್ಲ ಎತ್ತು, ಹುಡುಗೀನ ಕರಕೊಂಡು ಹೋಗು."

ಗುಂಡಕಲ್ಲ ಅಂದ್ರ ಕುರಿಯಷ್ಟು ದಪ್ಪ ಇರೂ ದುಂಡನ ಕಲ್ಲು. ಹಿಂದಕ ವರಗಳು ಅದನ್ನ ಎದಿತನಾ ಎತ್ತಿ, ಹೆಗಲ ಮ್ಯಾಲಿಂದ ಹಿಂದಕ ಒಗದು ಹುಡುಗಿ ಗೆಲ್ಲತಿದ್ರು. ನಮ್ಮ ಹುಡುಗನ ಮಾರಿ ಸುಣ್ಣದಂಗ ಬೆಳ್ಳಗಾತು. ಆದ್ರೂ ಮರ್ಯಾದಿ ಬಿಡಲಿಲ್ಲ. ಸಣ್ಣ ದನಿಲೆ ಕೇಳಿದ:

"ಎರಡೂ ಕೈ ಹಚ್ಚಬಹುದಲ್ರಿ?"

ಒದಿಯೂದಿಲ್ಲದ ಗುಡ್ಡಾ

ಗದ್ದಲದಾಗ ಪುಸ್ತಕಾ ಅಲ್ಲೇ ಉಳೀತು, ನಾ ಸೆರಗಿನ್ಯಾಗ ಹಾಕ್ಕೊಂಡ್ನಿ. ಈ ಹಸರ ಅಂಗಿಯಾಂವಂದು ಖರೇ ತಾಕತ್ತು ಅಂತ ನಾಕ ಮಂದಿ ದೊಡ್ಡವರು ಅಂದ್ರ ಪೈಲವಾನನ ಸಿಟ್ಟು ಇಳದೀತು ಅಂತ ನನ್ನ ಲೆಕ್ಕ. ಮೊದಲ ಕುರಿ ಕಾಯೂ ಕಾಕಾನ ಹಂತೇಕ ಹೋದ್ನಿ. ಕಾಕಾ ಕೋಲಿನ ಮ್ಯಾಲ ಗದ್ದ ಊರಿ ಚಿತ್ರಾ ನೋಡಿದ.

"ಗುಡ್ಡಾ ಎತ್ತೂದು ಏನ ದೊಡ್ಡದವಾ? ಗುಡ್ಡಾ ಒದಿಯೂದಿಲ್ಲ. ನನ್ನ ಟಗರ ಹೆಗಲ ಮ್ಯಾಲ ಹೊತ್ತು ಹೊಳಿ ದಾಟಲಿ, ಆಮ್ಯಾಲ ಮಾತಾಡೂನು."

"ಒದಿಲಿ ಬಿಡಲಿ, ಎತ್ಯಾನಲ್ಲೋ!"

"ಎತ್ತಿ ಎಲ್ಲಿ ಇಟ್ಟಾನ?"

ಹಾಳಿ ತಿರವಿದ್ನಿ. ಮುಂದಿನ ಹಾಳ್ಯಾಗ ಗುಡ್ಡಾ ಇಲ್ಲ, ಅಂವ ಮತ್ತೆಲ್ಲೋ ಹಾರಾಕತ್ತಾನ. ಕಾಕಾ ಕೋಲ ನೆಲಕ್ಕ ಕುಟ್ಟಿದ.

"ನೋಡಿದ್ಯಾ? ಯಾರದೋ ಹೊಲದಾಗ ಇಟ್ಟು ಹೋಗ್ಯಾನ. ನಾಳೆ ಆ ಹೊಲದಾಂವ ಬಂದು, 'ನಿನ್ನ ಕುರಿ ತಂದ ಹಾಕ್ಯಾವ' ಅಂತ ನನ್ನ ಕೂಡ ಜಗಳಾ ತಗೀತಾನ."

ಹೊಳಿ ತಡದಾಂವ

ಕುರುಬರ ಕಾಕಾ ಆಗಲಿಲ್ಲ, ನನ್ನ ತಂಗಿ ಅದಾಳ. ಆಕೀನ ಧುಪದಾಳಕ್ಕ ಕೊಟ್ಟೈತಿ. ಹೊಳಿಗಿ ಕಟ್ಟಿದ ಒಡ್ಡು ನೋಡಿಕೊಂತ ಮುದಕಿ ಆದಾಕಿ, ನೀರಿನ ತಾಕತ್ತು ಆಕಿಗಿ ಗೊತ್ತು. ಪುಸ್ತಕದಾಗ ಹಸರ ಅಂಗಿಯಾಂವ ಉಕ್ಕಿ ಬಂದ ಹೊಳಿಗಿ ಬರೇ ಅಂಗೈ ಒಡ್ಡಿ ನಿಂತಾನ, ನೀರು ಗ್ವಾಡಿಯಂಗ ಅಲ್ಲೇ ನಿಂತೈತಿ.

"ನೋಡ ತಂಗಿ, ಎಂಥಾ ಗಂಡಸು!" ಅಂದ್ನಿ.

ಆಕಿ ಚಾಳೀಸ ಹಾಕ್ಕೊಂಡು ನೋಡಿದ್ಳು, ತಗದು ಒರಸಿ ಮತ್ತ ನೋಡಿದ್ಳು.

"ನಿಲ್ಲಿಸಿದ್ದು ಇರ್ಲಿ ಅಕ್ಕಾ. ಕೆಳಗಿನ ಮಂದಿದು ಕಬ್ಬು ಒಣಗಾಕತ್ತೈತಿ. ಬಿಡೂದು ಯಾವಾಗಂತ? ಅದನ್ನ ಬರದಾರೇನು?"

ಹಡದಾಕಿ ಹೇಳಿದ ತಾಕತ್ತು

ಪುಸ್ತಕದಾಂವನ ಕಡಿಂದ ಕೆಲಸಾ ಆಗೂದಿಲ್ಲ ಅಂತ ತಿಳದು, ಖರೇ ಹುಡುಗನ ತಾಕತ್ತು ಕೇಳಾಕ ಅಲ್ಲಿಂದ ಬೆಲ್ಲದ ಬಾಗೇವಾಡಿಗೇ ಹೋದ್ನಿ. ಹುಡುಗನ ಅವ್ವ ರೊಟ್ಟಿ ಬಡ್ಯಾಕತ್ತಿದ್ಳು.

"ಬೀಗತಿ, ಮುಚ್ಚಿಡಬ್ಯಾಡ. ನಿನ್ನ ಮಗಾ ಎಷ್ಟ ಭಾರ ಎತ್ತತಾನ?"

"ಉಂಡ ತಾಟ ಎತ್ತೂದಿಲ್ರಿ."

ನನ್ನ ಎದಿ ಒಡೀತು. ಆಕಿ ರೊಟ್ಟಿ ತಿರವಿ ಹಾಕಿ, "ಒಂದ ಐತಿ ನೋಡ್ರಿ. ನಮ್ಮ ಅತ್ತಿಗಿ, ಇವನ ಅಜ್ಜಿಗಿ, ನಡ್ಯಾಕ ಕಾಲ ಬರೂದಿಲ್ಲ. ದಿನಾ ಮುಂಜಾನಿ ಬೆನ್ನ ಮ್ಯಾಲ ಹೊತ್ತು ಬಿಸಲಿಗಿ ಕುಂಡ್ರಸ್ತಾನ. ಆ ಮುದಕಿ ಸುಮ್ನ ಬರೂದಿಲ್ಲ, ಎರಡೂ ಕಿವಿ ಹಿಡದು ಎಡಕ್ಕ ಬಲಕ್ಕ ಅಂತ ಇವನ್ನ ಟ್ರ್ಯಾಕ್ಟರ್ ಹೊಡದಂಗ ಹೊಡೀತಾಳ" ಅಂದ್ಳು.

"ಮುದಕೀನ ಹೊರೂದಕ್ಕ ಪೈಲವಾನ ಮಗಳ್ನ ಕೊಡ್ತಾನೇನ?"

"ಮುದಕೀನ ನೀವ ನೋಡಿಲ್ಲ" ಅಂದು ಒಳಗ ಕೈ ಮಾಡಿ ತೋರಿಸಿದ್ಳು. ಹಣಿಕಿ ಹಾಕಿದ್ನಿ. ಯವ್ವಾ ಯವ್ವಾ! ಆ ಮುದಕಿ ಮುಂದ ಗುಂಡಕಲ್ಲ ಇನ್ನೂ ಮಲಿ ಕುಡಿಯೂ ಕೂಸು.

ಸೋಮವಾರ

ಓಣಿಗಿ ಓಣೀನ ಗುಡಿ ಮುಂದ ಕೂಡಿತ್ತು. ಕಲ್ಲಿಗಿ ಅರಿಷಿಣದ ಭಂಡಾರ ಹಚ್ಚಿದ್ರು. ಹುಡುಗ ಪರೀಕ್ಷಾಕ ಕುಂತಾಂವನಂಗ ಬೆವರಾಕತ್ತಿದ್ದ. ಹುಡುಗಿ ಕಂಬದ ಹಿಂದ ನಿಂತು, 'ಏನರ ಮಾಡು' ಅಂತ ನನಗ ಕಣ್ಣ ಸನ್ನಿ ಮಾಡಿದ್ಳು.

ಹುಡುಗ ಕಲ್ಲಿಗಿ ಕೈ ಹಚ್ಚೂದಕ್ಕ ನಾ ನಡುವ ನಿಂತ್ನಿ. "ನಿಂದರ್ರಿ! ನನ್ನ ಲಗ್ನದಾಗ ಮೊದಲ ನಮ್ಮಪ್ಪ ಎತ್ತಿದ್ದ, ಆಮ್ಯಾಲ ನನ್ನ ಗಂಡ. ಕಲ್ಲಿನ ಮಾತ ತಗದಾಂವ ಮೊದಲ ಎತ್ತಿ ತೋರಸಬೇಕು, ಅದ ಪದ್ಧತಿ. ಏನ ಕಾಕಾ?"

ಕುರುಬರ ಕಾಕಾ, "ಹೌದು, ಖರೆ ಮಾತು" ಅಂದ.

ಪೈಲವಾನ ಮೀಸಿ ತಿರವಿದ. "ನನಗ ಹೇಳ್ತಿ ಏನ ಚಿಗವ್ವಾ?" ಅಂತ ಧೋತ್ರದ ಕಚ್ಚಿ ಬಿಗದು, ದೇವರ ಹೆಸರ ತಗೊಂಡು ಬಗ್ಗಿದ. ಕಲ್ಲ ಮೊಣಕಾಲ ತನಾ ಬಂತು. ಆಗ 'ಕಳಕ್' ಅಂತ ಒಂದ ಸಪ್ಪಳಾತು. ಕಲ್ಲ ಕೆಳಗ ಬಿತ್ತು. ಪೈಲವಾನ ಮಾತ್ರ ಮ್ಯಾಲ ಏಳಲಿಲ್ಲ. ಬಗ್ಗಿದಾಂವ ಬಗ್ಗಿದಂಗ ನಿಂತ.

"ಯಾರೂ ಮುಟ್ಟಬ್ಯಾಡ್ರಿ! ಸೊಂಟ! ಸೊಂಟ ಹಿಡಕೊಂತು!"

ಮಂದಿ ಸುತ್ತ ನಿಂತು ಹಿಂಗ ಮಾಡ್ರಿ, ಹಂಗ ಮಾಡ್ರಿ ಅನ್ನಾಕತ್ರು. ಹುಡುಗ ಮುಂದ ಬಂದು ಬೆನ್ನ ಕೊಟ್ಟು ಕುಂತ, ಮಾವನ್ನ ತನ್ನ ಮ್ಯಾಲ ವಾಲಿಸಿಕೊಂಡ, ಎದ್ದ ನಿಂತ. ಹೆದರಿದ ಪೈಲವಾನ ಅವನ ಎರಡೂ ಕಿವಿ ಗಟ್ಟಿ ಹಿಡದ.

"ಮೆಲ್ಲಕ! ಮೆಲ್ಲಕ ಲೇ! ಎಡಕ್ಕ! ತಗ್ಗ ಐತಿ, ಬಲಕ್ಕ!"

ಹುಡುಗ ರೂಢಿ ಇದ್ದಾಂವ, ಕಿವಿ ಜಗ್ಗಿದ ಕಡೆ ತಿರಗಿಕೊಂತ ಹೊಂಟ. ನೋವಿಗಿ ಪೈಲವಾನ ಕಾಲ ಝಾಡಿಸಾಕತ್ತಿದ್ದ. ಕುರುಬರ ಕಾಕಾ ಕೋಲ ಎತ್ತಿ ಕೂಗಿದ, "ಒದಿಯಾಕತ್ತೈತಿ, ಆದ್ರೂ ಹೊತ್ತಾನ! ಈ ಹುಡುಗ ಗಟ್ಟಿ!"

ಪೈಲವಾನನ ಮನಿ ಹೊಸ್ತಲಿಗಿ ನಾ ಮೊದಲ ಓಡಿ ಹೋಗಿ ಎರಡೂ ಕೈ ಅಡ್ಡ ಹಚ್ಚಿ ನಿಂತ್ನಿ.

"ಹುಡುಗಿ ಕೊಡ್ತಿಯೋ ಇಲ್ಲೋ?" ಅಂತ ಪೈಲವಾನನ್ನ ಕೇಳಿ, ಹುಡುಗಗ ಅಂದ್ನಿ, "ಹೇಳೂತನಾ ಇವನ್ನ ಕೆಳಗ ಇಳಸಬ್ಯಾಡೋ ತಮ್ಮಾ."

"ಕೊಟ್ನೆವಾ, ಕೊಟ್ನಿ! ಮಗಳ್ನ ಕೊಟ್ನಿ, ಬೇಕಾದ್ರ ಕಲ್ಲೂ ಕೊಡ್ತೇನಿ! ಮೊದಲ ಇಳಸಂತ ಹೇಳು!"

ಮೂರ ದಿನದ ಮ್ಯಾಲ ಮಾತಾಡಸಾಕ ಅಂತ ಅವರ ಮನಿಗಿ ಹೋದ್ನಿ. ಪೈಲವಾನ ಸೊಂಟಕ್ಕ ಬಿಸಿ ಇಟ್ಟಿಗಿ ಕಟ್ಕೊಂಡು ಮಕ್ಕೊಂಡಿದ್ದ. ನನ್ನ ನೋಡಿ ಏನೋ ದಿಂಬಿನ ಕೆಳಗ ಸರಿಸಿದ. ಕಸಗೊಂಡು ನೋಡ್ತೇನಿ, ಹಸರ ಅಂಗಿಯಾಂವನ ಪುಸ್ತಕಾ! ಮಗಳು ತನಗಂತ ಹೇಳಿ ನನ್ನ ಕಡಿಂದ ಒಯ್ದಿದ್ಳು, ತರಿಸಿಕೊಂಡಾಂವ ಇಂವ!

ಪೈಲವಾನ ದನಿ ಇಳಿಸಿ ಅಂದ, "ಚಿಗವ್ವಾ, ಎರಡ ಸಲ ಓದಿದ್ನಿ. ಇಂವನ ತಾಕತ್ತು ಎಲ್ಲೈತಿ ಅಂತ ಸಿಕ್ತು ನೋಡು. ಮಗಾ ಎಲ್ಲೂ ಬಗ್ಗೂದ ಇಲ್ಲ. ನಿಂತ ನಿಂತಲ್ಲೇ ಎತ್ತತಾನ. ನಾ ಬಗ್ಗಿ ಕೆಟ್ಟನಿ. ಓದಿದ್ದು ಯಾರಿಗೂ ಹೇಳಬ್ಯಾಡ, ನಿನ್ನ ಕಾಲ ಬೀಳತೇನಿ."

"ಬೀಳಬ್ಯಾಡಪಾ, ಮತ್ತ ಬಗ್ಗಬೇಕಾಗ್ತೈತಿ" ಅಂದ್ನಿ. "ಯಾರ ಮುಂದೂ ಹೇಳೂದಿಲ್ಲ."

ಹೇಳಲೂ ಇಲ್ಲ. ನಮ್ಮ ಕಟ್ಟಿ ಮ್ಯಾಲ ಕುಂತು ನನ್ನಷ್ಟಕ್ಕ ನಾನ ಒಂದೀಟು ಜೋರಲೆ ಅಂದ್ಕೊಂಡ್ನಿ, ಅಷ್ಟ. ಸಂಜಿ ಆಗೂದ್ರಾಗ ಸುದ್ದಿ ಹುಕ್ಕೇರಿತನಾ ಮುಟ್ಟಿತ್ತು.