ಮೂರನೆಯ ಸಲದ ಬೇಡ

ಕೆಲವರಿಗೆ ತಮ್ಮ ತಲೆನೋವು ತಮಗೇ ಸಾಕಾಗಿರುತ್ತದೆ. ನನಗೆ ಹಾಗಲ್ಲ. ನನ್ನ ತಲೆ ನೋಯುವುದು ಬಹುಮಟ್ಟಿಗೆ ಬೇರೆಯವರಿಗಾಗಿ. ಬೆಳಿಗ್ಗೆ ಎದ್ದ ಕೂಡಲೇ ಹೆಂಡತಿಯ ಮುಖ, ಮಗಳ ಮುಖ ಎರಡನ್ನೂ ನೋಡಿ, ಎರಡೂ ಸರಿಯಾಗಿದ್ದರೆ ಮಾತ್ರ ನನಗೆ ಕಾಫಿ ರುಚಿಸುತ್ತದೆ. ಒಂದು ದಿನ ಹೆಂಡತಿ ವಸುಧಾ, "ಏನೂಂದ್ರೆ, ತಲೆ ಸಿಡೀತಾ ಇದೆ, ಆ ಬಾಮ್ ತನ್ನಿ" ಎಂದಳು. ನಾನು ಗಾಬರಿಯಿಂದ ಡಬ್ಬಿ ಹುಡುಕಿ, ಮುಚ್ಚಳ ತೆಗೆದು, ನನ್ನ ಹಣೆಗೇ ಚೆನ್ನಾಗಿ ಹಚ್ಚಿಕೊಂಡು, "ಈಗ ಹೇಗಿದೆ?" ಎಂದು ಅವಳನ್ನು ಕೇಳಿದೆ. ಮಗಳು ನಿಧಿ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಪ್ಪಾ, ತಲೈವಲಿ ಅಮ್ಮಾವುಕ್ಕಾ, ಉಂಗಳುಕ್ಕಾ?" ಎಂದಳು. ತಲೆನೋವು ಅಮ್ಮನಿಗೋ ನಿಮಗೋ ಅಂತ. ನಮ್ಮ ತಾತ ಗುಮಾಸ್ತೆಯ ಕೆಲಸ ಹಿಡಿದು ಮದರಾಸಿಗೆ ಬಂದವರು. ಈಗ ನಾವು ಅಣ್ಣಾ ನಗರದಲ್ಲಿದ್ದೇವೆ. ನಾವು ಕನ್ನಡದಲ್ಲಿ ಕೇಳುತ್ತೇವೆ, ಮಗಳು ತಮಿಳಿನಲ್ಲಿ ಉತ್ತರಿಸುತ್ತಾಳೆ, ಜಗಳ ಜೋರಾದರೆ ಮೂವರೂ ಇಂಗ್ಲಿಷಿಗೆ ಹೋಗುತ್ತೇವೆ. ಅವತ್ತು ಅವಳು ನೇರವಾಗಿ ಇಂಗ್ಲಿಷಿಗೆ ಹೋದಳು. ನನಗಿರುವುದಕ್ಕೆ ಕೋಡಿಪೆಂಡೆನ್ಸಿ ಎನ್ನುತ್ತಾರಂತೆ. ಬೇರೆಯವರ ಸುಖದುಃಖವನ್ನೇ ಹೊತ್ತುಕೊಂಡು, ಅದಿಲ್ಲದೆ ಬದುಕಲಾರದ ಸ್ಥಿತಿ. "ಅಷ್ಟೇ ತಾನೆ? ಇದಕ್ಕೆ ನಮ್ಮಲ್ಲಿ ಗೃಹಸ್ಥ ಅಂತಾರೆ" ಎಂದೆ. ಅವಳು ನಗಲಿಲ್ಲ.

ನಗದಿರಲು ಕಾರಣವಿತ್ತು. ನಿಧಿ ಫಿಸಿಯೋಥೆರಪಿ ಓದಿ, ಇಲ್ಲೇ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದಳು. ಕೊಯಮತ್ತೂರಿನ ಒಂದು ಆಸ್ಪತ್ರೆ ಅವಳನ್ನು ಕೆಲಸಕ್ಕೆ ಕರೆದಿತ್ತು. ಅವಳು ಬಹಳ ಆಸೆಪಟ್ಟು ಕಾದಿದ್ದ ಕೆಲಸ. ಆದರೆ ಅವಳು ಒಪ್ಪಿಗೆ ಕೊಡದೆ, ಯೋಚಿಸಲು ಸಮಯ ಕೇಳಿದ್ದಳು. ಯೋಚನೆಯೆಲ್ಲ ನನ್ನ ಬಗ್ಗೆ. ಹಿಂದೆ ಅವಳು ಗೆಳತಿಯರ ಜೊತೆ ಪುದುಚೇರಿಗೆ ಹೋಗಿದ್ದಾಗ ನಾನು ಊಟ ಬಿಟ್ಟು, ಫೋನಿನ ಮೇಲೆ ಫೋನು ಮಾಡಿ, ಕೊನೆಗೆ ಅವಳ ಗೆಳತಿಯ ಅಮ್ಮನಿಗೂ ಮಾಡಿದ್ದೆ. "ನೀಂಗ ಒರು ಥೆರಪಿಸ್ಟೆ ಪಾರುಂಗಪ್ಪಾ" ಎಂದು ಮನಸ್ಸಿನ ಚಿಕಿತ್ಸಕರೊಬ್ಬರನ್ನು ನೋಡಲು ಹೇಳಿ, ಕನ್ನಡದಲ್ಲೇ "ನೀವು ಸರಿಯಾದರೇನೇ ನಾನು ಹೋಗೋದು" ಎಂದಳು. ಮಗಳ ಕೆಲಸ ಹೀಗೆ ನನ್ನ ತಲೆಯ ಮೇಲೆ ಬಂದು ಕೂತಿತು. ಅದೂ ಅವಳು ಅಷ್ಟು ಅಪರೂಪಕ್ಕೆ ಕನ್ನಡದಲ್ಲಿ ಹೇಳಿದ ಮೇಲೆ ನಾನು ಇಲ್ಲವೆನ್ನುವುದು ಹೇಗೆ?

ಮೊದಲು ಸಿಕ್ಕ ಥೆರಪಿಸ್ಟ್ ಚಿಕ್ಕ ವಯಸ್ಸಿನ ಹುಡುಗ. ಕೋಣೆಯಲ್ಲಿ ಏಸಿ ಎಷ್ಟಿತ್ತೆಂದರೆ ನನ್ನ ಸಮಸ್ಯೆ ಅಲ್ಲೇ ಹೆಪ್ಪುಗಟ್ಟಿತು. "ನಿಮಗೆ ಏನು ಬೇಕು ಸರ್? ನಿಮಗೆ ಮಾತ್ರ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಇಷ್ಟು ವಯಸ್ಸಾದರೂ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಹೋಟೆಲಿನ ಮಾಣಿಯೂ ನನ್ನ ಹೆಂಡತಿಯನ್ನೇ ಕೇಳುತ್ತಾನೆ. ಬಹಳ ಯೋಚಿಸಿ, "ಮನೆಯವರು ಏನು ತಗೊಳ್ತಾರೋ ಅದೇ" ಎಂದೆ. ಅವನು ನಿಟ್ಟುಸಿರಿಟ್ಟು, ಒಂದು ವಾರ ಎಲ್ಲದಕ್ಕೂ "ಬೇಡ" ಎನ್ನುವುದನ್ನು ಅಭ್ಯಾಸ ಮಾಡಿ ಎಂದ.

ನಮ್ಮ ಮನೆಯಲ್ಲಿ "ಬೇಡ" ಎಂಬುದರ ಗತಿ ಅವನಿಗೇನು ಗೊತ್ತು? ನಮ್ಮಲ್ಲಿ ಮೊದಲನೆಯ ಬೇಡ ಮರ್ಯಾದೆಗೆ. ಎರಡನೆಯ ಬೇಡ ಬಡಿಸುವವರ ಕೈ ನಿಜವಾಗಿಯೂ ಧಾರಾಳವೋ ಎಂದು ನೋಡುವುದಕ್ಕೆ. ಮೂರನೆಯ ಸಲ ಕೇಳಿದಾಗ ಹೇಳುವುದೇ ನಿಜವಾದ ಉತ್ತರ. ಇದಕ್ಕೆ ಉಪಚಾರವೆಂದು ಹೆಸರು. ನಾನು ಎಲೆಯ ಮುಂದೆ ಕೂತು ಅಭ್ಯಾಸವೆಂದು "ಬೇಡ" ಎಂದೆ, ವಸುಧಾ ದೋಸೆ ಹಾಕಿದಳು. ಇನ್ನೂ ಗಟ್ಟಿಯಾಗಿ "ಬೇಡ" ಎಂದೆ, ಇದು ಹೊಸ ಬಗೆಯ ಸಂಕೋಚವೆಂದು ತಿಳಿದು ಎರಡು ಹಾಕಿದಳು. ವಾರದ ಕೊನೆಗೆ ನನ್ನ ವ್ಯಕ್ತಿತ್ವ ಬೆಳೆಯಿತೋ ಇಲ್ಲವೋ, ಪ್ಯಾಂಟು ಬಿಗಿಯಾಯಿತು.

ಸಂಸಾರದ ರೀತಿನೀತಿ ತಿಳಿದವರು ಬೇಕೆಂದು ಎರಡನೆಯ ಸಲ ಒಬ್ಬ ಹಿರಿಯರ ಬಳಿಗೆ ಹೋದೆ. ವಿಭೂತಿ ಇಟ್ಟ ತಮಿಳು ಸಜ್ಜನರು. ನನ್ನ ಕಥೆ ಕೇಳಿ, "ಇದು ಒರು ವಿಯಾದಿಯಾ ಸಾರ್? ನಮ್ಮ ವೀಟ್ಲಯೂ ಇಪ್ಪಡಿತಾನ್!" ಎಂದರು, ನನಗಾಗಿ ಅಷ್ಟಿಷ್ಟು ಕನ್ನಡ ಬೆರೆಸಿ. ಇದೂ ಒಂದು ರೋಗವೇ? ನಮ್ಮ ಮನೆಯಲ್ಲೂ ಹೀಗೇ ಎಂದು. ಆಮೇಲೆ ಅವರ ಮಗ ಬೇರೆ ಮನೆ ಮಾಡಿದ ವಿಷಯ ಬಂತು. ಅವರ ಕಣ್ಣಲ್ಲಿ ನೀರು ಬಂತು. ಉಳಿದ ಸಮಯವೆಲ್ಲ ನಾನು ಅವರಿಗೆ ಸಮಾಧಾನ ಹೇಳಿ, ನೀರು ಕುಡಿಸಿ, ಮಗನಿಗೆ ಒಂದು ಫೋನು ಮಾಡಿಸಿ, ಅವರ ಫೀಸನ್ನೂ ನಾನೇ ಕೊಟ್ಟು ಎದ್ದು ಬಂದೆ. ಮನೆಗೆ ಬರುವಾಗ ಬಹಳ ಉತ್ಸಾಹವಾಗಿತ್ತು. ನಿಧಿ ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂತಳು.

ಮೂರನೆಯವರನ್ನು ಅವಳೇ ಹುಡುಕಿದಳು. ಪುರಸೈವಾಕ್ಕಂನಲ್ಲಿ, ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಕೂರುವ ಸುಮಂಗಲಾ ಎಂಬವರು. ಧಾರವಾಡದ ಕಡೆಯವರು. ಕೆಳಗೆ ಮದುವೆಯ ಜವಳಿ ಖರೀದಿಯ ಗದ್ದಲ, ಮೇಲೆ ಮನಸ್ಸಿನ ರಿಪೇರಿ. ಕೋಣೆಯೊಳಗೆ ಕಾಲಿಡುತ್ತಿದ್ದಂತೆ, "ಬರ್ರಿ ರಾಯರ, ಕೂಡ್ರಿ. ಚಾ ತಗೋತೀರೇನು?" ಎಂದರು.

"ಬೇಡಿ, ಈಗ ತಾನೆ ಆಯ್ತು" ಎಂದೆ.

"ಸ್ವಲ್ಪ ತಗೋರಿ."

"ಅಯ್ಯೋ, ಯಾಕೆ ಸುಮ್ಮನೆ ತೊಂದರೆ?"

"ತೊಂದ್ರಿ ಏನ್ ಬಂತ್ರಿ, ಮಾಡಿಟ್ಟಿದ್ದೇ ಐತಿ."

"ಹಾಗಾದರೆ ಅರ್ಧ ಲೋಟ" ಎಂದೆ.

ಅವರು ಚಹಾ ಕೊಟ್ಟು ನಕ್ಕರು. "ಬಾಗಲದಾಗ ಇದ್ದಾಗನ ನಿಮಗ ಚಾ ಬೇಕಿತ್ತು, ಹೌದಲ್ರೀ?" ಎಂದರು. ಹೌದು. ಮೆಟ್ಟಿಲು ಹತ್ತುವಾಗಲೇ ಶುಂಠಿಯ ವಾಸನೆ ಮೂಗಿಗೆ ಬಡಿದಿತ್ತು. "ನೀವು ನಿಮ್ಮ ಮೊದಲನೇ ಮಾತು ಖರೇ ಹೇಳೂದಿಲ್ಲ. ಅದು ಇರ್ಲಿ, ಅದು ನಮ್ಮ ಮಂದಿ ಚಾಳಿ, ನನಗೂ ಐತಿ. ಆದ್ರ ಮಗಳು ಏನರ ಬ್ಯಾಡ ಅಂದ್ರ ನೀವು ಏನ್ ಮಾಡ್ತೀರಿ?"

ನಾನು ಯೋಚಿಸಿದೆ. ನಿಧಿ ಹಾಲು ಬೇಡವೆಂದರೆ ಲೋಟ ಹಿಡಿದು ಬಾಗಿಲವರೆಗೂ ಹೋಗುತ್ತೇನೆ. ಛತ್ರಿ ಬೇಡವೆಂದರೆ ಬಸ್ ಸ್ಟಾಪಿನವರೆಗೂ ಹೋಗುತ್ತೇನೆ. ಕರೆದುಕೊಂಡು ಹೋಗಲು ಬರಬೇಡಿ ಎಂದರೆ, ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಅವಳಿಗೆ ಕಾಣದ ಹಾಗೆ ನಿಂತಿರುತ್ತೇನೆ. ಅವಳದು ಸಂಕೋಚ, ಉಪಚಾರದ ಮಾತು ಎಂದೇ ನಾನು ತಿಳಿದಿದ್ದೆ. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಚೆನ್ನೈನಲ್ಲಿ, ಅವಳ ಬೇಡ ಎಂದರೆ ಬೇಡ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಮನಸ್ಸಿಗೆ ಕಸಿವಿಸಿಯಾಯಿತು. ಜೊತೆಗೇ ನಗುವೂ ಬಂತು. ನಾನು ಕೆಮ್ಮುತ್ತ ನಕ್ಕೆ. ಅವರೂ ನಕ್ಕರು.

ಸುಮಂಗಲಾ ಅವರು ಉಪಚಾರ ಬಿಡಿ ಎನ್ನಲಿಲ್ಲ. ಮನೆಯವರಿಂದ ದೂರವಾಗಿ ಎಂದೂ ಹೇಳಲಿಲ್ಲ. "ಒಂದು ವಾರ ಎಲ್ಲಾರ ಮೊದಲನೇ ಮಾತೂ ನಂಬ್ರಿ. ನಿಮ್ಮದೂ ಮೊದಲಿಗೇ ಖರೇ ಹೇಳ್ರಿ. ಅಷ್ಟ" ಎಂದರು.

ಆ ವಾರದಲ್ಲಿ ನಮ್ಮ ಮನೆ ಕಂಡ ಕೋಲಾಹಲ ಅಷ್ಟಿಷ್ಟಲ್ಲ. "ತರಕಾರಿ ಹೆಚ್ಚಿಕೊಡಲಾ?" ಎಂದು ವಸುಧಾಳನ್ನು ಕೇಳಿದೆ. "ಬೇಡ" ಎಂದಳು. ನಾನು ಹೋಗಿ ಪೇಪರು ಹಿಡಿದು ಕೂತೆ. ಐದು ನಿಮಿಷದಲ್ಲಿ ಅಡುಗೆಮನೆಯಿಂದ ಪಾತ್ರೆಗಳು ಮಾತಾಡತೊಡಗಿದವು. "ಒಂದೇ ಸಲ ಕೇಳೋದಾ? ಇದು ಯಾವ ಸೀಮೆ ಕೇಳೋದು?" ಎಂದು ಅವಳು ಹೊರಗೆ ಬಂದಳು. ಮೈಸೂರಿನಿಂದ ಅವಳ ಅಣ್ಣ ಬಂದಿದ್ದರು. "ಊಟ ಮಾಡಿಕೊಂಡೇ ಹೋಗಿ" ಎಂದೆ. "ಬೇಡಿ, ಹೊರಡ್ತೀನಿ" ಎಂದರು. ನಾನು ಎದ್ದು ಚಪ್ಪಲಿ ಜೋಡಿಸಿಕೊಟ್ಟೆ. ಅವರು ಚಪ್ಪಲಿಯನ್ನೂ ನನ್ನನ್ನೂ ಬಹಳ ಹೊತ್ತು ನೋಡಿದರು. ಒಳಗೆ ಹುಳಿಗೆ ಒಗ್ಗರಣೆ ಬೀಳುತ್ತಿತ್ತು. ಅವರು ಮೈಸೂರು ತಲುಪುವ ಮೊದಲೇ ಸುದ್ದಿ ತಲುಪಿ, ನನಗೆ ಏನಾಗಿದೆಯೆಂದು ವಿಚಾರಿಸುವ ಫೋನುಗಳು ಒಂದರ ಮೇಲೊಂದು ಬಂದವು. ನಿಧಿಗೆ ಮಾತ್ರ ಹಬ್ಬ. ಹಾಲು ಬೇಡವೆಂದಳು, ಲೋಟ ಒಳಗೆ ಹೋಯಿತು. ಛತ್ರಿ ಬೇಡವೆಂದಳು, ನೆನೆದುಕೊಂಡು ಬಂದಳು, ಹಾಡು ಗುನುಗುತ್ತಿದ್ದಳು.

ವಾರದ ಕೊನೆಗೆ ನನ್ನ ಪಕ್ಕ ಬಂದು ಕೂತಳು. "ಅಪ್ಪಾ, ನಾನ್ ಪೋಗಟ್ಟುಮಾ?" ಎಂದಳು.

ಹೋಗಲಾ ಎನ್ನುವ ಆ ಪ್ರಶ್ನೆಗೆ ನನ್ನ ಮನಸ್ಸಿನಲ್ಲಿ ಬೇಕಾದಷ್ಟು ಉತ್ತರಗಳಿದ್ದವು. ಕೊಯಮತ್ತೂರಿನ ನೀರು, ಹಾಸ್ಟೆಲಿನ ಊಟ, ಅವಳ ಕೆಮ್ಮು. ಆದರೆ ಅವಳ ಮುಖ ನೋಡಿದೆ. ಮುಖ ನೋಡುವುದರಲ್ಲಿ ನನಗೆ ಅಭ್ಯಾಸವಿದೆಯಲ್ಲ. ಆ ಮುಖ ಆಗಲೇ ಅರ್ಧ ದಾರಿಯಲ್ಲಿತ್ತು. "ಹೋಗು ಪುಟ್ಟಾ" ಎಂದೆ. ಮೊದಲ ಮಾತು, ನಿಜವಾದ ಮಾತು. ಆದರೂ ರೂಢಿಯ ಪ್ರಕಾರ ಅವಳು ಇನ್ನೆರಡು ಸಲ ಕೇಳಿಯಾಳು, ಆಗ ಸ್ವಲ್ಪ ಅಳೋಣವೆಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು ನನ್ನ ಕುತ್ತಿಗೆಗೆ ಜೋತು ಬಿದ್ದು, ಇನ್ನೊಂದು ಕೈಯಲ್ಲಿ ಕೊಯಮತ್ತೂರಿನ ಆಸ್ಪತ್ರೆಗೆ ಫೋನು ಹಚ್ಚಿಬಿಟ್ಟಿದ್ದಳು.

ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಹೊರಡುವ ಮುಂಚೆ, "ವಾರಾ ವಾರಾ ಬರಬೇಕಾಪ್ಪಾ?" ಎಂದು ಕಿಟಕಿಯಿಂದ ಕೇಳಿದಳು. "ಬೇಡ, ಕೆಲಸ ನೋಡಿಕೋ" ಎಂದೆ, ಬಹಳ ಗತ್ತಿನಿಂದ. "ಸರಿಪ್ಪಾ" ಎಂದಳು, ರೈಲು ಹೊರಟಿತು. ಎರಡನೆಯ, ಮೂರನೆಯ ಉತ್ತರಗಳನ್ನು ಬಾಯಲ್ಲಿಟ್ಟುಕೊಂಡು ನಾನು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಆಟೋದಲ್ಲಿ ವಸುಧಾ ತಲೆನೋವೆಂದಳು. ಬಾಮನ್ನು ಅವಳ ಹಣೆಗೇ ಹಚ್ಚಿದೆ. ನನ್ನ ಕಣ್ಣಲ್ಲೂ ನೀರು ಬಂತು, ಅದಕ್ಕೆ ಬಾಮನ್ನು ದೂರುವಂತಿರಲಿಲ್ಲ.

ಮನೆ ತಲುಪುವಷ್ಟರಲ್ಲಿ ಮೊಬೈಲಿಗೆ ನಿಧಿಯ ಮೆಸೇಜು ಬಂದಿತ್ತು. "ಮುಂದಿನ ಶನಿವಾರ ಬರ್ತೀನಿ. ಬೇಡ ಅಂತ ನೀವು ಒಂದೇ ಸಲ ಹೇಳಿದ್ದು, ಅದು ಲೆಕ್ಕಕ್ಕಿಲ್ಲ." ಅದೂ ಕನ್ನಡದಲ್ಲಿ. ಚೆನ್ನೈ ಹುಡುಗಿ, ಇವಳಿಗೆ ನಮ್ಮ ಪದ್ಧತಿ ತಿಳಿಯದು ಎಂದುಕೊಂಡಿದ್ದ ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಅವತ್ತು ವಸುಧಾ ಕೇಳುವ ಮೊದಲೇ ಇನ್ನೊಂದು ದೋಸೆ ಹಾಕು ಎಂದೆ.

ಈ ಗುರುವಾರ ಸುಮಂಗಲಾ ಅವರಲ್ಲಿಗೆ ಹೋಗಬೇಕು. "ಈಗ ಪೂರಾ ಆರಾಮೇನ್ರಿ ರಾಯರ?" ಎಂದು ಕೇಳುತ್ತಾರೆ. ಮೊದಲ ಸಲಕ್ಕೇ ಹೌದು ಎಂದುಬಿಡಬೇಕೆಂದು ನಿರ್ಧರಿಸಿದ್ದೇನೆ. ಆದರೆ ಹಾಗೆಂದುಬಿಟ್ಟರೆ ಮತ್ತೆ ಅಲ್ಲಿಗೆ ಹೋಗಲು ಕಾರಣವಿರದು, ಅವರ ಕೋಣೆಯ ಶುಂಠಿ ಚಹಾವೋ ಬಹಳ ಚೆನ್ನಾಗಿರುತ್ತದೆ, ಅವರೂ ನಮ್ಮವರೇ. ಇನ್ನೆರಡು ಸಲ ಕೇಳದೆ ಬಿಡಲಾರರು ಎಂಬ ಧೈರ್ಯದ ಮೇಲೇ ಹೋಗುತ್ತಿದ್ದೇನೆ.