ಅವ್ವನ ಲಾಕರು

ಮುನಿಲಕ್ಷ್ಮಮ್ಮ ತೀರಿಕೊಂಡಾಗ ಅವಳ ಸೊಂಟದ ಬೀಗದಕೈ ಗೊಂಚಲನ್ನು ಬಿಚ್ಚಲು ಹೋದ ಹೆಂಗಸರನ್ನು ಮಗ ಗಂಗಾಧರಯ್ಯನೇ ತಡೆದಿದ್ದ. "ಮನೆ ಯಜಮಾನಿ ಬರೀ ಸೊಂಟದಲ್ಲಿ ಹೋಗೋದಾ? ಇರ್ಲಿ ಬಿಡಿ." ಆ ಮಾತಿಗೆ ಯಡಿಯೂರೇ ತಲೆದೂಗಿತು. ಗೊಂಚಲು ಅವಳೊಂದಿಗೇ ಮಣ್ಣು ಸೇರಿತು.

ತಿಥಿ ಮುಗಿಸಿ, ಮರಣಪತ್ರ ಹಿಡಿದು, ನಾಮಿನಿ ತಾನೇ ಎಂದು ಎದೆಯುಬ್ಬಿಸಿ ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಮೇಡಂ ಕೇಳಿದ್ದು ಒಂದೇ: ಲಾಕರಿನ ಕೀ ಎಲ್ಲಿ? ಗಂಗಾಧರಯ್ಯ ನೆಲ ನೋಡಿದ. ನೆಲದಲ್ಲೇ ಇತ್ತಲ್ಲ.

ಬೀಗ ಒಡೆಯಲು ದಿನ ಗೊತ್ತಾಯಿತು. ಇಬ್ಬರು ಸಾಕ್ಷಿಗಳು ಬೇಕೆಂದರೆ ನಿಶ್ಚಿತಾರ್ಥಕ್ಕೆ ಹೊರಟಂತೆ ಬೀದಿಯೇ ಹೊರಟಿತು. ಲಾಕರಿನ ತುಂಬ ಚಿನ್ನವಿದೆ ಎಂಬ ಮುನಿಲಕ್ಷ್ಮಮ್ಮನ ಮಾತು ಕೇಳಿ ಬೆಳೆದ ಬೀದಿ ಅದು. ಒಳಗೆ ಬಿಟ್ಟದ್ದು ಮಾರಮ್ಮನ ಗುಡಿಯ ಅಧ್ಯಕ್ಷ ಶಾಮಣ್ಣನನ್ನು ಮತ್ತು ಮಹಡಿಯ ಬಾಡಿಗೆದಾರಳು ಶಾಂತಾದೇವಿಯನ್ನು ಮಾತ್ರ.

ರಾಹುಕಾಲ ಕಳೆಯಲಿ ಎಂದು ಶಾಮಣ್ಣ ಎಲ್ಲರನ್ನೂ ಕೂರಿಸಿದ. ಆಮೇಲೆ ಗಂಗಾಧರಯ್ಯ ಲಾಕರಿಗೆ ಕುಂಕುಮವಿಟ್ಟು ಭಕ್ತಿಯಿಂದ ಒಂದು ಕಟ್ಟು ಊದುಬತ್ತಿ ಹಚ್ಚಿದ. ಬ್ಯಾಂಕಿನ ಬೆಂಕಿ ಗಂಟೆ ಬಡಿದುಕೊಂಡು, ಪಿಂಚಣಿಗೆ ಬಂದ ಮುದುಕರೆಲ್ಲ ರಸ್ತೆಗೆ ಓಡಿದರು. ಮೇಡಂ ಕೈಮುಗಿದು, ಇನ್ನು ದೇವರನ್ನು ಮನಸ್ಸಿನಲ್ಲೇ ನೆನೆಯಿರಿ ಎಂದರು.

ಕೊನೆಗೂ ಬಾಗಿಲು ತೆರೆಯಿತು. ಒಳಗೆ ಒಂದು ಒಣಗಿದ ಅರಿಶಿನದ ಕೊಂಬು. ಅಷ್ಟೇ.

ಅಕ್ಕನ ಮದುವೆ, ತನ್ನ ಅಂಗಡಿ, ಆ ಮಹಡಿ ಮನೆ, ಇವೆಲ್ಲ ಯಾರ ಮುಂದೂ ಕೈಚಾಚದೆ ಆದದ್ದು ಹೇಗೆಂದು ಗಂಗಾಧರಯ್ಯನಿಗೆ ಆಗ ಹೊಳೆಯಿತು. ಬರಿದಾದ ಲಾಕರನ್ನು ಪ್ರತಿ ವರಮಹಾಲಕ್ಷ್ಮಿಗೂ ರೇಷ್ಮೆಸೀರೆ ಉಟ್ಟು ನೋಡಿಹೋಗುತ್ತಿದ್ದ ತಾಯಿ! ಅವನ ಕಣ್ಣು ಹೆಮ್ಮೆಯಿಂದ ತುಂಬಿತು. ಆದರೆ ಹೊರಗೆ ನಿಂತ ಬೀದಿ ಅವಳನ್ನು ಬೂಟಾಟಿಕೆಯವಳು ಎನ್ನದೆ ಬಿಟ್ಟೀತೆ?

"ಶಾಮಣ್ಣ, ಅವ್ವನ ಮರ್ಯಾದೆ ನಿಮ್ ಕೈಲಿದೆ."

"ಹುಚ್ಚಪ್ಪಾ, ನನಗೂ ಅನ್ನ ಹಾಕಿದ ಕೈಯಲ್ವಾ ಅದು. ನೀನು ಸುಮ್ನಿರು, ನಾನ್ ನೋಡ್ಕೋತೀನಿ." ಶಾಂತಾದೇವಿಯೂ ಬಾಯಿಗೆ ಬೆರಳಿಟ್ಟು ತಲೆಯಾಡಿಸಿದಳು.

ಹೊರಗೆ ಬಂದ ಶಾಮಣ್ಣ ಮೆಟ್ಟಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡ. "ಅಷ್ಟು ಚಿನ್ನ ಈ ಜನ್ಮದಲ್ಲಿ ನೋಡಿರ್ಲಿಲ್ಲ ಕಣ್ರಪ್ಪ. ಗಂಗಾಧರನೂ ಅವ್ವನಿಗೆ ತಕ್ಕ ಮಗ. ಮಾರಮ್ಮನಿಗೆ ಚಿನ್ನದ ಮುಖವಾಡ ಮಾಡಿಸ್ತೀನಿ ಅಂತ ಅಲ್ಲೇ ಮಾತು ಕೊಟ್ಬಿಟ್ಟ."

ಬೀದಿಗೆ ಬೀದಿಯೇ ಕೈಮುಗಿಯಿತು. ಅಲ್ಲವೆಂದರೆ ಅವ್ವನ ಮರ್ಯಾದೆ ಹೋಗುತ್ತದೆ. ಗಂಗಾಧರಯ್ಯ ತಲೆಯೆತ್ತಿ, "ಅವ್ವನ ಆಸೆ" ಎಂದ. ಜೈಕಾರ ಮುಗಿಯುವ ಮೊದಲೇ ಮೆಲ್ಲಗೆ ಒಳಗೆ ಸರಿದ.

"ಮೇಡಂ, ಮಹಡಿ ಮನೆ ಮೇಲೆ ಸಾಲ ಎಷ್ಟು ಕೊಡ್ತೀರಾ?"